ಹುಬ್ಬಳ್ಳಿ–ಮಂಗಳೂರು: ಅರ್ಧ ಗಂಟೆಯ ದೂರಕ್ಕೆ ನಾಲ್ಕು ಗಂಟೆ ಏಕೆ?

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 266 ಕಿ.ಮೀ. ಪ್ರಾದೇಶಿಕ ಮಾರ್ಗಗಳಲ್ಲಿ ಹೆಚ್ಚಾಗಿ ಕಾಣುವ ಎಟಿಆರ್ 72 ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಭಾಗಿಸಿ ನೋಡಿದರೆ ಅರ್ಧ ಗಂಟೆಯ ಹಾರಾಟ. ಆದರೆ ಇಷ್ಟು ದೂರದ ಮಾರ್ಗಕ್ಕೆ ಟಿಕೆಟ್ಟಿನಲ್ಲಿ ಅಚ್ಚಾಗುವ ಅವಧಿ ಒಂದು ಗಂಟೆಯ ಹತ್ತಿರ ಇರುತ್ತದೆ. ಧಾರವಾಡದ ಮನೆಯ ಬಾಗಿಲಿಗೆ ಬೀಗ ಹಾಕಿ ಹೊರಟವರು ಮಂಗಳೂರಿನ ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ನಾಲ್ಕು ಗಂಟೆ ಕಳೆದಿರುತ್ತದೆ.

ಅರ್ಧ ಗಂಟೆ ಒಂದು ಗಂಟೆಯಾಗುವುದು ಎಲ್ಲಿ? ಒಂದು ಗಂಟೆ ನಾಲ್ಕಾಗುವುದು ಹೇಗೆ? ಇದು ಕುತೂಹಲದ ಲೆಕ್ಕ ಮಾತ್ರವಲ್ಲ. ಕಳೆದ ಹತ್ತು ವರ್ಷಗಳಲ್ಲಿ ರಾಜ್ಯದ ಊರೂರಿಗೆ ವಿಮಾನ ನಿಲ್ದಾಣದ ಮಾತು ಬಂದಿದೆ. ಕಲಬುರಗಿ, ಬೀದರ್, ಶಿವಮೊಗ್ಗಗಳಿಗೆ ಪ್ರಯಾಣಿಕರ ವಿಮಾನ ಬಂದಿದೆ. ಈ ನಿಲ್ದಾಣಗಳು ಜನರ ಸಮಯವನ್ನು ನಿಜವಾಗಿ ಎಷ್ಟು ಉಳಿಸುತ್ತವೆ ಎಂದು ತಿಳಿಯಬೇಕಾದರೆ ಮೊದಲು ಆ ಸಮಯ ಎಲ್ಲಿ ಖರ್ಚಾಗುತ್ತದೆ ಎಂದು ತಿಳಿಯಬೇಕು.

ದೂರವನ್ನು ನೀವೇ ಅಳೆಯಬಹುದು

ಎರಡು ನಿಲ್ದಾಣಗಳ ನಡುವಿನ ವಾಯುದೂರ ಎಂದರೆ ಭೂಮಿಯ ದುಂಡು ಮೈಮೇಲೆ ಎಳೆಯಬಹುದಾದ ಅತಿ ಚಿಕ್ಕ ಗೆರೆಯ ಉದ್ದ. ಹುಬ್ಬಳ್ಳಿ–ಮಂಗಳೂರು ಜೋಡಿಯ ವಿಶೇಷವೆಂದರೆ ಒಂದು ಇನ್ನೊಂದರ ಹೆಚ್ಚೂಕಡಿಮೆ ನೇರ ಉತ್ತರಕ್ಕಿದೆ. ಹಾಗಾಗಿ ಈ ದೂರ ಅಳೆಯಲು ಶಾಲೆಯ ಭೂಗೋಳವೇ ಸಾಕು.

ಮಂಗಳೂರು ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 12 ಡಿಗ್ರಿ 58 ನಿಮಿಷದಲ್ಲಿ. ಹುಬ್ಬಳ್ಳಿಯದು 15 ಡಿಗ್ರಿ 22 ನಿಮಿಷ. ಕಳೆದರೆ 2 ಡಿಗ್ರಿ 24 ನಿಮಿಷ, ಅಂದರೆ ಒಟ್ಟು 144 ನಿಮಿಷ. ಅಕ್ಷಾಂಶದ ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲಿ ಎಂಬುದು ನಾವಿಕರ ಹಳೆಯ ಲೆಕ್ಕ. ಪೈಲಟ್‌ಗಳೂ ಇಂದಿಗೂ ಅದೇ ಅಳತೆ ಬಳಸುತ್ತಾರೆ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. 144ರಿಂದ ಗುಣಿಸಿದರೆ 266 ಕಿ.ಮೀ. ದಾಟಿ ಸ್ವಲ್ಪ. ಹುಬ್ಬಳ್ಳಿ ಮಂಗಳೂರಿಗಿಂತ 20 ಕಿ.ಮೀ.ನಷ್ಟು ಪೂರ್ವಕ್ಕಿದೆ, ಅಷ್ಟರಿಂದ ಒಟ್ಟು ದೂರಕ್ಕೆ ಸೇರುವುದು ಒಂದು ಕಿ.ಮೀ. ಕೂಡ ಇಲ್ಲ.

ಭೂಮಿ ದುಂಡಗಿರುವುದು ಇಷ್ಟು ಸಣ್ಣ ದೂರದಲ್ಲಿ ಗಮನಕ್ಕೂ ಬರುವುದಿಲ್ಲ. ದೂರ ಹೆಚ್ಚಾದಂತೆ ಅದೇ ದೊಡ್ಡ ವಿಷಯವಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಹಾರಿ ಬಂತು. ಗೋಡೆಯ ನಕ್ಷೆಯಲ್ಲಿ ಅದು ಸುತ್ತುದಾರಿಯಂತೆ ಕಾಣುತ್ತದೆ. ಗ್ಲೋಬಿನ ಮೇಲೆ ದಾರ ಹಿಡಿದು ನೋಡಿದರೆ ಅದೇ ಹತ್ತಿರದ ದಾರಿ.

ಇನ್ನು ನೆಲದ ದೂರ. ಹುಬ್ಬಳ್ಳಿಯಿಂದ ಮಂಗಳೂರಿಗೆ ರಸ್ತೆಯಲ್ಲಿ 350 ಕಿ.ಮೀ. ಮೀರುತ್ತದೆ. ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿದರೂ ಸರಿ, ಶಿರಸಿಯ ಮೇಲೆ ಹೋಗಿ ದೇವಿಮನೆ ಘಾಟಿ ಇಳಿದರೂ ಸರಿ, ಆಮೇಲೆ ಕರಾವಳಿಯ ಉದ್ದಕ್ಕೂ ಹೆದ್ದಾರಿ ಹಿಡಿಯಬೇಕು. ರಾತ್ರಿ ಬಸ್ಸು ಹತ್ತಿದರೆ ಎಂಟು ಗಂಟೆಯಾದರೂ ಬೇಕು. ರೈಲಿನವರಿಗೆ ನೇರ ದಾರಿಯೇ ಇಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ದಶಕಗಳಿಂದ ಕಾಡು, ನ್ಯಾಯಾಲಯ, ಅನುಮತಿಗಳ ನಡುವೆ ಸಿಕ್ಕಿಕೊಂಡಿದೆ. ಅರಸೀಕೆರೆ, ಹಾಸನ ಸುತ್ತಿ ಸಕಲೇಶಪುರದ ಘಾಟಿ ಇಳಿಯಬೇಕು. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. ಅಲ್ಲಿ ರೈಲು ಓಡುವುದಿಲ್ಲ, ಜೋಪಾನವಾಗಿ ಇಳಿಯುತ್ತದೆ.

ಬಯಲುಸೀಮೆಯಲ್ಲಿ ರಸ್ತೆಯ ದೂರಕ್ಕೂ ಆಕಾಶದ ದೂರಕ್ಕೂ ಅಂತರ ಕಡಿಮೆ. ನಡುವೆ ಪಶ್ಚಿಮ ಘಟ್ಟ ಬಂದರೆ ಆ ಅಂತರ ಹಿಗ್ಗುತ್ತದೆ, ಮಳೆಗಾಲದಲ್ಲಿ ಗುಡ್ಡ ಕುಸಿದರೆ ದಾರಿಯೇ ಮುಚ್ಚುತ್ತದೆ. ವಿಮಾನದ ಅಗತ್ಯ ಅತಿ ಹೆಚ್ಚು ಇರುವುದು ಇಂಥ ಜೋಡಿಗಳಿಗೆ.

ಪೂರ್ತಿ ವೇಗದಲ್ಲಿ ಹಾರುವುದು ಎಷ್ಟು ಹೊತ್ತು?

ಟಿಕೆಟ್ಟಿನ ಮೇಲಿನ ಅವಧಿ ರೆಕ್ಕೆ ಗಾಳಿಯಲ್ಲಿರುವ ಅವಧಿ ಅಲ್ಲ. ಚಕ್ರಕ್ಕೆ ಕೊಟ್ಟ ಅಡ್ಡೆಯನ್ನು ಇಲ್ಲಿ ತೆಗೆದ ಗಳಿಗೆಯಿಂದ, ಅಲ್ಲಿ ವಿಮಾನ ನಿಂತು ಮತ್ತೆ ಅಡ್ಡೆ ಕೊಡುವ ಗಳಿಗೆಯವರೆಗಿನ ಲೆಕ್ಕ ಅದು. ವಿಮಾನಯಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ.

ಎಟಿಆರ್ ವಿಮಾನವನ್ನು ಹತ್ತಿರದಿಂದ ನೋಡಿದವರಿಗೆ ಅದರ ರೀತಿ ಗೊತ್ತು. ಏರೋಬ್ರಿಜ್ ಇಲ್ಲ, ಪ್ರಯಾಣಿಕರು ನೆಲದ ಮೇಲೆ ನಡೆದುಹೋಗಿ ಬಾಲದ ಕಡೆಯ ಬಾಗಿಲಿನಿಂದ ಹತ್ತುತ್ತಾರೆ. ಲಗೇಜಿನ ಹೆಚ್ಚಿನ ಪಾಲು ಮುಂಭಾಗದಲ್ಲಿ, ಪೈಲಟ್‌ಗಳ ಹಿಂದೆಯೇ ಇರುತ್ತದೆ. ನಿಂತ ವಿಮಾನದಲ್ಲಿ ಎಂಜಿನ್ ಸದ್ದು ಕೇಳುತ್ತಿರುತ್ತದೆ, ಬಲಗಡೆಯ ಪ್ರೊಪೆಲ್ಲರ್ ಮಾತ್ರ ಅಲ್ಲಾಡುವುದಿಲ್ಲ. ದೊಡ್ಡ ಜೆಟ್‌ಗಳಲ್ಲಿ ನೆಲದ ಮೇಲಿದ್ದಾಗ ವಿದ್ಯುತ್ತಿಗೂ ತಂಪು ಗಾಳಿಗೂ ಬಾಲದಲ್ಲೊಂದು ಸಣ್ಣ ಎಂಜಿನ್ ಇರುತ್ತದೆ. ಎಟಿಆರ್‌ನಲ್ಲಿ ಅದಿಲ್ಲ. ಬಲಗಡೆಯ ಎಂಜಿನ್ನನ್ನೇ ಓಡಿಸಿ, ಅದರ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ, ಆ ಕೆಲಸ ಮಾಡಿಸಿಕೊಳ್ಳುತ್ತಾರೆ. ಹೊರಗಿನ ಸಲಕರಣೆ ಹೆಚ್ಚು ಬೇಡದೆ, ಚಿಕ್ಕ ನಿಲ್ದಾಣದಲ್ಲಿ ಇಳಿದು ಅರ್ಧ ಗಂಟೆಯೊಳಗೆ ಮತ್ತೆ ಹೊರಡಲು ಹೇಳಿಮಾಡಿಸಿದ ವಿಮಾನವಿದು.

ಇದರ ಒಂದು ಗಂಟೆಯನ್ನು ಬಿಡಿಸಿ ನೋಡೋಣ. ಎಂಜಿನ್ ಚಾಲೂ ಮಾಡಿ, ವಾಯು ಸಂಚಾರ ನಿಯಂತ್ರಣದವರ (ಎಟಿಸಿ) ಅನುಮತಿ ಪಡೆದು, ರನ್‌ವೇ ತುದಿ ತಲುಪುವುದಕ್ಕೆ ಹತ್ತು ನಿಮಿಷ. ಎಷ್ಟೋ ಚಿಕ್ಕ ನಿಲ್ದಾಣಗಳಲ್ಲಿ ರನ್‌ವೇಗೆ ಸಮಾನಾಂತರವಾದ ಟ್ಯಾಕ್ಸಿವೇ ಇರುವುದಿಲ್ಲ. ವಿಮಾನ ರನ್‌ವೇ ಮೇಲೆಯೇ ತುದಿಯವರೆಗೆ ನಿಧಾನವಾಗಿ ಉರುಳಿ ಹೋಗಿ, ಅಲ್ಲಿ ತಿರುಗಿ ನಿಂತು, ಆಮೇಲೆ ಓಟ ಶುರು ಮಾಡಬೇಕು. ಅಷ್ಟು ಹೊತ್ತು ಇನ್ನೊಂದು ವಿಮಾನ ಅಲ್ಲಿ ಇಳಿಯುವಂತಿಲ್ಲ.

ಆಮೇಲೆ ಏರುವಿಕೆ. ಹುಬ್ಬಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಎತ್ತರದಲ್ಲಿದೆ. ಅಲ್ಲಿಂದ 15,000 ಅಡಿಗೆ ಏರಲು ನಿಮಿಷಕ್ಕೆ ಸಾವಿರ ಅಡಿಯಂತೆ 13 ನಿಮಿಷ ಬೇಕು. ಏರುವಾಗ ವಿಮಾನದ ವೇಗ ಕಡಿಮೆ. ಅಷ್ಟರಲ್ಲಿ ಕ್ರಮಿಸುವುದು 80 ಕಿ.ಮೀ.ಯಷ್ಟು.

ಇಳಿಯುವುದಕ್ಕೂ ಒಂದು ಲೆಕ್ಕವಿದೆ. ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು ಎಂಬುದು ಪೈಲಟ್‌ಗಳ ಬಾಯಿಲೆಕ್ಕ. ಕಡಿದಾಗಿ ಧುಮುಕಿದರೆ ಪ್ರಯಾಣಿಕರ ಕಿವಿಗೂ ಹೊಟ್ಟೆಗೂ ಕಷ್ಟ, ವೇಗ ತಗ್ಗಿಸುವುದೂ ಕಷ್ಟ. 15,000 ಅಡಿಯಿಂದ ಇಳಿಯಲು ಹೀಗೆ 45 ನಾಟಿಕಲ್ ಮೈಲಿ, ಎಂದರೆ 83 ಕಿ.ಮೀ. ಬೇಕು. ಅದಕ್ಕೆ 12 ನಿಮಿಷ.

266ರಲ್ಲಿ ಏರಲು 80, ಇಳಿಯಲು 83 ಹೋದರೆ ನಡುವೆ ಉಳಿಯುವುದು ನೂರು ಕಿ.ಮೀ. ಚಿಲ್ಲರೆ. ವಿಮಾನ ತನ್ನ ಪೂರ್ತಿ ವೇಗದಲ್ಲಿ ಹಾರುವುದು ಈ ನಡುವಿನ ತುಂಡಿನಲ್ಲಿ ಮಾತ್ರ, ಹದಿಮೂರು ನಿಮಿಷದಷ್ಟು. ಕೊನೆಗೆ ರನ್‌ವೇಗೆ ಸಾಲು ಹಿಡಿಯಲು ಏಳೆಂಟು ನಿಮಿಷ, ಇಳಿದ ಮೇಲೆ ನಿಲುಗಡೆಗೆ ಬರಲು ಐದು ನಿಮಿಷ ಸೇರಿಸಿ. ಅಂದಾಜಿನ ಲೆಕ್ಕವೇ ಆದರೂ ಒಟ್ಟು ಒಂದು ಗಂಟೆಗೆ ಬಂದು ನಿಲ್ಲುತ್ತದೆ.

ಸಾಲು ಹಿಡಿಯುವುದಕ್ಕೆ ಅಷ್ಟು ಹೊತ್ತು ಏಕೆ? ದಾರಿ ಉತ್ತರ–ದಕ್ಷಿಣ, ಆದರೆ ಎರಡೂ ಕಡೆಯ ರನ್‌ವೇಗಳು ಅಡ್ಡಕ್ಕಿವೆ. ಹುಬ್ಬಳ್ಳಿಯದು ಪೂರ್ವ–ಪಶ್ಚಿಮ. ಮಂಗಳೂರಿನದು ಈಶಾನ್ಯದಿಂದ ನೈಋತ್ಯಕ್ಕೆ. ವಿಮಾನ ಎದುರುಗಾಳಿಗೆ ಮುಖ ಮಾಡಿ ಇಳಿಯಬೇಕು. ಕಡಲ ಕಡೆಯಿಂದ ಗಾಳಿ ಬೀಸುವಾಗ ಮಂಗಳೂರಿನಲ್ಲಿ ಒಳನಾಡಿನ ಕಡೆಯಿಂದ ಬಂದು ಸಮುದ್ರದತ್ತ ಮುಖ ಮಾಡಿ ಇಳಿಯುವುದು ರೂಢಿ. ಉತ್ತರದಿಂದ ಬಂದ ವಿಮಾನ ಪೂರ್ವಕ್ಕೆ ಸರಿದು, ಘಟ್ಟದ ತಪ್ಪಲಿನ ಮೇಲೆ ತಿರುಗಿ, ಹತ್ತಿಪ್ಪತ್ತು ಕಿ.ಮೀ. ದೂರದಿಂದಲೇ ರನ್‌ವೇಯ ನೇರಕ್ಕೆ ಬಂದಿರಬೇಕು. ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ 2,450 ಮೀಟರ್ ಉದ್ದದ ರನ್‌ವೇ ಅದು. ಅಲ್ಲಿ ಆತುರಕ್ಕೆ ಜಾಗವಿಲ್ಲ, ಇರಲೂಬಾರದು.

ಜೆಟ್ ಹಾಕಿದರೆ ಬೇಗ ತಲುಪಬಹುದೆ?

ಗಂಟೆಗೆ 830 ಕಿ.ಮೀ. ಓಡುವ ಏರ್‌ಬಸ್ 320 ಹಾಕಿದರೆ ಸಮಯ ಅರ್ಧಕ್ಕಿಳಿಯಬೇಕಲ್ಲವೆ ಎಂದು ಕೇಳುವವರಿದ್ದಾರೆ. ಆ ವೇಗ ಸಿಗುವುದು 35,000 ಅಡಿಯ ಆಸುಪಾಸಿನ ತೆಳು ಗಾಳಿಯಲ್ಲಿ. ಅಷ್ಟು ಎತ್ತರದಿಂದ ಇಳಿಯಲು, ಅದೇ ಮೂರರ ಲೆಕ್ಕದಲ್ಲಿ, 105 ನಾಟಿಕಲ್ ಮೈಲಿ ಬೇಕು. ಹುಬ್ಬಳ್ಳಿ–ಮಂಗಳೂರಿನ ಇಡೀ ದೂರವೇ 144. ಏರುವುದಕ್ಕೆ ಜಾಗ ಸಾಲದೆ, ಅರ್ಧ ಎತ್ತರದಲ್ಲೇ ನಿಂತು, ಇಂಧನ ಹೆಚ್ಚು ಸುಟ್ಟು, ಕೊನೆಗೆ ಉಳಿಸುವುದು ಬೆರಳೆಣಿಕೆಯ ನಿಮಿಷ. 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ 250 ನಾಟಿಕಲ್ ಮೈಲಿ ವೇಗದ ಮಿತಿ ಬೇರೆ ಇದೆ. ನಾಲ್ಕು ಹೆಜ್ಜೆಗೊಂದು ಸ್ಟಾಪ್ ಇರುವ ಸಿಟಿ ಬಸ್ಸಿಗೆ ದೊಡ್ಡ ಎಂಜಿನ್ ಕೂರಿಸಿದ ಹಾಗೆ. ಬೆಂಗಳೂರು–ದೆಹಲಿಯಂಥ 1,700 ಕಿ.ಮೀ. ದಾರಿಯಲ್ಲಿ ಜೆಟ್‌ಗೆ ಅದರ ಬೆಲೆಯಿದೆ. 300 ಕಿ.ಮೀ. ಒಳಗೆ ಪ್ರೊಪೆಲ್ಲರ್ ವಿಮಾನವೇ ಜಾಣತನ.

ಗಾಳಿಯೂ ತನ್ನ ಪಾಲು ಕೇಳುತ್ತದೆ. ನೈಋತ್ಯ ಮುಂಗಾರಿನಲ್ಲಿ ಕೆಳ ಆಕಾಶದ ತುಂಬ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತದೆ. ಹುಬ್ಬಳ್ಳಿ–ಮಂಗಳೂರಿಗೆ ಅದು ಪಕ್ಕದ ಗಾಳಿ. ಬೆಂಗಳೂರು–ಮಂಗಳೂರಿಗೆ ಅದೇ ಎದುರುಗಾಳಿ. ಈ ಎರಡು ನಿಲ್ದಾಣಗಳ ನಡುವೆ ನೇರ ದೂರ ಸುಮಾರು 306 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರುವ ವಿಮಾನಕ್ಕೆ 40 ಕಿ.ಮೀ. ವೇಗದ ಗಾಳಿ ಎದುರಾದರೆ ದಾರಿ 40 ನಿಮಿಷದ್ದಾಗುತ್ತದೆ. ಅದೇ ಗಾಳಿ ಬೆನ್ನಿಗೆ ಬಂದರೆ 34 ನಿಮಿಷ. ಹೋಗುವ ಅವಧಿಗೂ ಬರುವ ಅವಧಿಗೂ ವೇಳಾಪಟ್ಟಿಯಲ್ಲಿ ವ್ಯತ್ಯಾಸ ಕಂಡರೆ ಅದರ ಹಿಂದೆ ಗಾಳಿಯ ಕೈವಾಡವೂ ಇರುತ್ತದೆ.

ಇನ್ನೊಂದು ಕಾರಣ ಸೇನೆಯ ವಾಯುಪ್ರದೇಶ. ದೇಶದ ಆಕಾಶದಲ್ಲಿ ಶೇ 60ರಷ್ಟು ಮಾತ್ರ ನಾಗರಿಕ ವಿಮಾನಗಳಿಗೆ ಮುಕ್ತವಾಗಿದೆ ಎಂದು ಕೇಂದ್ರ ಸರ್ಕಾರವೇ 2020ರ ಮೇನಲ್ಲಿ ಹೇಳಿ, ಅದನ್ನು ಸಡಿಲಿಸುವ ಭರವಸೆ ಕೊಟ್ಟಿತ್ತು. ಗೋವಾದಲ್ಲಿ ನೌಕಾಪಡೆ, ಬೆಳಗಾವಿ ಮತ್ತು ಬೀದರ್‌ನಲ್ಲಿ ವಾಯುಪಡೆ. ನಕ್ಷೆಯ ನೇರ ಗೆರೆಯ ಮೇಲೆ ವಿಮಾನ ಯಾವಾಗಲೂ ಹಾರಲಾಗುವುದಿಲ್ಲ.

ಉಳಿದ ಮೂರು ಗಂಟೆ ನೆಲದ್ದು

ಈಗ ಮನೆಯ ಬಾಗಿಲಿನಿಂದ ಲೆಕ್ಕ ಹಾಕೋಣ. ಧಾರವಾಡದ ಸಪ್ತಾಪುರದಲ್ಲಿರುವ ಒಬ್ಬ ಹಿರಿಯರು ಚಿಕಿತ್ಸೆಗೆ ಮಂಗಳೂರಿನ ಕಂಕನಾಡಿಗೆ ಹೊರಟಿದ್ದಾರೆ ಎಂದುಕೊಳ್ಳಿ. ಉತ್ತರ ಕರ್ನಾಟಕದಿಂದ ಕರಾವಳಿಯ ಆಸ್ಪತ್ರೆಗಳಿಗೆ ಹೋಗುವವರು ಬಹಳ.

ಮನೆಯಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ 45 ನಿಮಿಷ. ದೇಶದೊಳಗಿನ ವಿಮಾನಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹಾಗಾಗಿ ಕನಿಷ್ಠ ಒಂದೂಕಾಲು ಗಂಟೆ ಮುಂಚೆ ಅಲ್ಲಿರಬೇಕು. ಅದು 75 ನಿಮಿಷ. ವಿಮಾನದ್ದು 60. ಇಳಿದು, ಬೆಲ್ಟಿನಿಂದ ಲಗೇಜ್ ಎತ್ತಿಕೊಳ್ಳಲು 20. ನಿಲ್ದಾಣವಿರುವ ಬಜ್ಪೆಯಿಂದ ಕಂಕನಾಡಿಗೆ 40. ಒಟ್ಟು 240 ನಿಮಿಷ, ನಾಲ್ಕು ಗಂಟೆ.

ಈ 240ರಲ್ಲಿ ವಿಮಾನ ಪೂರ್ತಿ ವೇಗದಲ್ಲಿ ಓಡಿದ್ದು 13 ನಿಮಿಷ, ಶೇ 5ರ ಸುಮಾರು. ನೆಲ ಬಿಟ್ಟು ಇದ್ದದ್ದೇ 45 ನಿಮಿಷ. ಉಳಿದ ಮೂರೂಕಾಲು ಗಂಟೆ ಕಾರಿನಲ್ಲಿ, ಸಾಲಿನಲ್ಲಿ, ಕುರ್ಚಿಯಲ್ಲಿ ಕಳೆದದ್ದು.

ಹಾಗಾದರೆ ಸಮಯ ಉಳಿಸುವ ದಾರಿ ಯಾವುದು? ವಿಮಾನದ ವೇಗ ಶೇ 10 ಹೆಚ್ಚಿಸಿದರೆ ಆ ಹದಿಮೂರರಲ್ಲಿ ಉಳಿಯುವುದು ಒಂದು ನಿಮಿಷದಷ್ಟು. ಎಪ್ಪತ್ತು ಚಿಲ್ಲರೆ ಆಸನಗಳ ಈ ವಿಮಾನಕ್ಕೆ ಕೌಂಟರ್ ಹದಿನೈದು ನಿಮಿಷ ತಡವಾಗಿ ಮುಚ್ಚಿದರೆ ಹದಿನೈದು ನಿಮಿಷ ಉಳಿಯುತ್ತದೆ. ವಿಮಾನದ ಸಮಯಕ್ಕೆ ಹೊಂದುವಂತೆ ನಿಲ್ದಾಣದ ಬಾಗಿಲಿಗೇ ಬಸ್ಸು ಬಂದರೆ ಸಮಯವೂ ಉಳಿಯುತ್ತದೆ, ಟ್ಯಾಕ್ಸಿಯ ದುಡ್ಡೂ ಉಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾಯುವಿಕೆ ಈ ನಾಲ್ಕು ಗಂಟೆಯ ಲೆಕ್ಕದೊಳಗೆ ಬಂದೇ ಇಲ್ಲ. ವಿಮಾನ ವಾರಕ್ಕೆ ನಾಲ್ಕೇ ದಿನವಿದ್ದರೆ, ಇಲ್ಲದ ದಿನ ಕೆಲಸ ಬಿದ್ದವರಿಗೆ ಅದು ಅರ್ಧ ಗಂಟೆಯ ದಾರಿಯೂ ಅಲ್ಲ, ನಾಲ್ಕು ಗಂಟೆಯ ದಾರಿಯೂ ಅಲ್ಲ, ಒಂದಿಡೀ ದಿನದ ದಾರಿ. ಅವರು ರಾತ್ರಿ ಬಸ್ಸೇ ಹತ್ತುತ್ತಾರೆ. ಹಾಗೆಯೇ ವಿಮಾನ ನಡುಮಧ್ಯಾಹ್ನ ಬಂದು ಅರ್ಧ ಗಂಟೆಯಲ್ಲಿ ವಾಪಸ್ ಹೋಗುವುದಾದರೆ, ಬೆಳಿಗ್ಗೆ ಹೋಗಿ ವೈದ್ಯರನ್ನು ಕಂಡು ಸಂಜೆ ಮನೆ ಸೇರುವ ಅನುಕೂಲ ಯಾರಿಗೂ ಸಿಗುವುದಿಲ್ಲ. ಲಾಡ್ಜಿನಲ್ಲಿ ರಾತ್ರಿ ಕಳೆಯಬೇಕು. ಮುಂಜಾನೆ ಒಂದು, ಸಂಜೆ ಒಂದು ವಿಮಾನವಿದ್ದರೆ ಮಾತ್ರ ಊರುಗಳು ನಿಜಕ್ಕೂ ಹತ್ತಿರವಾಗುತ್ತವೆ.

ಬೆಂಗಳೂರಿನ ಸುತ್ತು

ನೇರ ವಿಮಾನ ಇಲ್ಲದಿದ್ದಾಗ ದೂರವೇ ಬೇರೆಯಾಗುತ್ತದೆ. ಕಲಬುರಗಿಯಿಂದ ಮಂಗಳೂರಿಗೆ ನೇರ ಗೆರೆ ಸುಮಾರು 530 ಕಿ.ಮೀ. ಬೆಂಗಳೂರಿನ ಮೇಲೆ ಹೋದರೆ ಮೊದಲು 462, ಆಮೇಲೆ 306, ಒಟ್ಟು 768 ಕಿ.ಮೀ. ಹೆಚ್ಚಾದದ್ದು ಶೇ 45. ಆದರೆ ಪ್ರಯಾಣಿಕರಿಗೆ ನೋವು ಕೊಡುವುದು ಆ ಹೆಚ್ಚಿನ ಕಿಲೋಮೀಟರುಗಳಲ್ಲ. ಎರಡು ಸಲ ಏರುವುದು, ಎರಡು ಸಲ ಇಳಿಯುವುದು, ನಡುವೆ ಒಂದು ವಿಮಾನ ಬಿಟ್ಟು ಇನ್ನೊಂದಕ್ಕೆ ಕಾಯುವುದು, ಟರ್ಮಿನಲ್ ಬದಲಾದರೆ ಮತ್ತೆ ತಪಾಸಣೆ. ಎರಡು ಗಂಟೆಯ ಹಾರಾಟಕ್ಕೆ ಇಡೀ ದಿನ ಹೋಗುತ್ತದೆ. ದೊಡ್ಡ ನಿಲ್ದಾಣವೊಂದನ್ನು ನಡುವೆ ಇಟ್ಟು ಸುತ್ತಲಿನ ಊರುಗಳನ್ನು ಅದಕ್ಕೆ ಜೋಡಿಸುವುದು ವಿಮಾನ ಕಂಪನಿಗೆ ಲಾಭದ ಲೆಕ್ಕ. ಕಲಬುರಗಿಯವರಿಗೂ ಕರಾವಳಿಯವರಿಗೂ ನಡುವಿನ ಅಂತರ ಅದರಿಂದ ಕರಗುವುದಿಲ್ಲ.

ಚಿಕ್ಕ ಊರುಗಳನ್ನು ವಿಮಾನದಿಂದ ಜೋಡಿಸುವ ಕೇಂದ್ರದ ಉಡಾನ್ ಯೋಜನೆಯ ಮಹತ್ವ ಇಲ್ಲಿದೆ. 2016ರಲ್ಲಿ ರೂಪುಗೊಂಡ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಸುಮಾರು 500 ಕಿ.ಮೀ.ನ ಒಂದು ಗಂಟೆ ಹಾರಾಟಕ್ಕೆ, ಅರ್ಧದಷ್ಟು ಆಸನಗಳಿಗೆ, 2,500 ರೂಪಾಯಿಯ ಮಿತಿ ಎಂಬುದು ಅದರ ಆರಂಭದ ಭರವಸೆ. ಕಂಪನಿಗೆ ಆಗುವ ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ.

ಬೀದರ್–ಬೆಂಗಳೂರು ಈ ಅಳತೆಗೆ ಸರಿಯಾಗಿ ಹೊಂದುವ ಜೋಡಿ. ನೇರ ದೂರ ಸುಮಾರು 520 ಕಿ.ಮೀ., ರಸ್ತೆಯಲ್ಲಾದರೆ 700ರ ಆಸುಪಾಸು. 2020ರ ಫೆಬ್ರುವರಿಯಲ್ಲಿ ಬೀದರ್‌ಗೆ ವಿಮಾನ ಬಂತು, ನಡುವೆ ನಿಂತಿತು, 2025ರಲ್ಲಿ ಮತ್ತೆ ಶುರುವಾಯಿತು. ನಿಂತ ದಿನಗಳಲ್ಲಿ ರನ್‌ವೇ ಅಲ್ಲೇ ಇತ್ತು, ಟರ್ಮಿನಲ್ ಅಲ್ಲೇ ಇತ್ತು, ನಕ್ಷೆಯ ದೂರವೂ ಅಷ್ಟೇ ಇತ್ತು. ಬೀದರಿನವರಿಗೆ ಮಾತ್ರ ರಾಜಧಾನಿ ಮತ್ತೆ ಒಂದು ರಾತ್ರಿಯ ದೂರಕ್ಕೆ ಹೋಯಿತು.

ಹತ್ತಿರದ ಊರುಗಳ ಮಾರ್ಗ ಉಳಿಯುವುದು ಇನ್ನೂ ಕಷ್ಟ. 266 ಕಿ.ಮೀ. ಹಾರಿದರೂ 520 ಕಿ.ಮೀ. ಹಾರಿದರೂ ಏರುವ ಖರ್ಚು ಒಂದೇ, ಇಳಿಯುವ ಖರ್ಚು ಒಂದೇ, ನೆಲದ ಸಿಬ್ಬಂದಿಯ ಕೆಲಸ ಒಂದೇ. ದೂರ ಅರ್ಧವಾದರೆ ಖರ್ಚು ಅರ್ಧವಾಗುವುದಿಲ್ಲ. ಸಹಾಯಧನ ಮುಗಿದ ಕೂಡಲೇ ಅಂಥ ಮಾರ್ಗಗಳು ಮುಚ್ಚುವ ಭಯ ಇರುವುದು ಇದಕ್ಕೇ. ಘಟ್ಟ ನಡುವಿರುವ ಜೋಡಿಗಳನ್ನು, ರೈಲಿಲ್ಲದ ಜೋಡಿಗಳನ್ನು ರಾಜ್ಯವೇ ಗುರುತಿಸಿ, ಬಸ್ಸಿನ ಗ್ರಾಮೀಣ ಮಾರ್ಗಗಳನ್ನು ನಷ್ಟದಲ್ಲೂ ಓಡಿಸುವ ಅದೇ ಮನಸ್ಸಿನಿಂದ ನಡೆಸಿಕೊಂಡು ಹೋಗುವುದು ನ್ಯಾಯ. ಶಿವಮೊಗ್ಗದ ನಿಲ್ದಾಣವನ್ನು ರಾಜ್ಯವೇ ಮುಂದೆ ನಿಂತು ನಡೆಸುತ್ತಿದೆ. ಆ ಇಚ್ಛಾಶಕ್ತಿ ನಿಲ್ದಾಣದ ಕಟ್ಟಡದಿಂದ ವೇಳಾಪಟ್ಟಿಗೂ ವಿಸ್ತರಿಸಬೇಕು.

ವಿಮಾನ ನಿಲ್ದಾಣದ ಸುದ್ದಿ ಬಂದಾಗಲೆಲ್ಲ ನಾವು ರನ್‌ವೇ ಎಷ್ಟು ಉದ್ದ, ಟರ್ಮಿನಲ್ ಯಾವ ಆಕಾರ ಎಂದು ಕೇಳುತ್ತೇವೆ. ಅವು ಬೇಕು. ಅವುಗಳ ಜೊತೆಗೆ ಇನ್ನೂ ನಾಲ್ಕು ಪ್ರಶ್ನೆ ಕೇಳುವ ರೂಢಿ ನಮ್ಮ ಜನಪ್ರತಿನಿಧಿಗಳಿಗೂ ನಮಗೂ ಬರಬೇಕು. ವಾರಕ್ಕೆ ಎಷ್ಟು ದಿನ ವಿಮಾನ? ಹೋದ ದಿನವೇ ವಾಪಸ್ ಬರಬಹುದೆ? ಮಂಜು, ಮಳೆಯ ದಿನ ಇಳಿಸುವ ಉಪಕರಣ ಇದೆಯೆ? ಬಸ್ ನಿಲ್ದಾಣದಿಂದ ಅಲ್ಲಿಗೆ ಹೋಗಲು ಬಸ್ಸಿದೆಯೆ? ಹುಬ್ಬಳ್ಳಿಗೂ ಮಂಗಳೂರಿಗೂ ನಡುವಿನ 266 ಕಿ.ಮೀ. ಯಾವ ಎಂಜಿನ್ ಬಂದರೂ ಕಡಿಮೆಯಾಗದು. ನೆಲದ ಮೇಲಿನ ಮೂರೂಕಾಲು ಗಂಟೆಯಲ್ಲಿ ಒಂದು ಗಂಟೆಯನ್ನು ಉಳಿಸುವುದು ಮಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲೇ ಇದೆ.